ಹಳದಿ ಬೂಟುಗಳ ಊರು: ಫ್ರೀಡ್ರಿಖ್ ಡ್ಯೂರೆನ್‌ಮಾಟ್ ಅವರ ಬರಹದ ಬದುಕು

ಆ ಊರಿನ ಕಿರಾಣಿ ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ವರ್ಷಗಟ್ಟಲೆ ಅಗ್ಗದ ತಂಬಾಕು, ತೆಳ್ಳನೆಯ ಹಾಲು ಒಯ್ದು ದಿನ ತಳ್ಳಿದವರು ಇಂದು ಗಟ್ಟಿ ಹಾಲು, ಬೆಣ್ಣೆ, ಬಿಳಿ ಬ್ರೆಡ್ಡು, ಚಾಕೊಲೇಟು, ದುಬಾರಿ ಕೊನ್ಯಾಕ್ ಬೇಕೆನ್ನುತ್ತಾರೆ. ಯಾರ ಕೈಯಲ್ಲೂ ಕಾಸಿಲ್ಲ. ಲೆಕ್ಕದಲ್ಲಿ ಬರೆದುಕೊಳ್ಳಿ ಎಂಬುದು ಎಲ್ಲರದೂ ಒಂದೇ ಮಾತು. ಅಂಗಡಿಯ ಆಲ್ಫ್ರೆಡ್ ಇಲ್ ಸಂತೋಷದಿಂದಲೇ ಬರೆದುಕೊಳ್ಳುತ್ತಾನೆ, ಏಕೆಂದರೆ ಇಡೀ ಊರು ನಿನ್ನ ಬೆನ್ನಿಗಿದೆ ಎಂದು ಇದೇ ಗಿರಾಕಿಗಳು ಭರವಸೆ ಕೊಡುತ್ತಿದ್ದಾರೆ. ಆಮೇಲೆ ಅವನ ಕಣ್ಣು ಅವರ ಕಾಲುಗಳ ಮೇಲೆ ಬೀಳುತ್ತದೆ. ಎಲ್ಲರ ಕಾಲಲ್ಲೂ ಹೊಚ್ಚಹೊಸ ಹಳದಿ ಬೂಟು. ಈ ಸಾಲವನ್ನೆಲ್ಲ ಯಾವುದರಿಂದ ತೀರಿಸುತ್ತೀರಿ ಎಂದು ಅವನು ಕೂಗುತ್ತಾನೆ. ಉತ್ತರ ಯಾರೂ ಕೊಡುವುದಿಲ್ಲ, ಆದರೆ ಅದು ಅವನಿಗೂ ಗೊತ್ತು, ನೋಡುತ್ತ ಕುಳಿತ ನಮಗೂ ಗೊತ್ತು: ಅವನ ಹೆಣದ ಬೆಲೆಯಿಂದ.

ಇದು 1956ರ ಜನವರಿ 29ರಂದು ಜ್ಯೂರಿಕ್ ನಗರದ ಷೌಸ್ಪೀಲ್‌ಹೌಸ್ ರಂಗಮಂದಿರದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡ ನಾಟಕದ ಒಂದು ದೃಶ್ಯ. ನಾಟಕದ ಹೆಸರನ್ನು ಕನ್ನಡದಲ್ಲಿ 'ಮುದುಕಿಯ ಭೇಟಿ' ಎನ್ನಬಹುದು. ಬರೆದವರು ಸ್ವಿಟ್ಜರ್ಲೆಂಡಿನ ಫ್ರೀಡ್ರಿಖ್ ಡ್ಯೂರೆನ್‌ಮಾಟ್, ಆಗ ಅವರಿಗೆ 35 ವರ್ಷ. ಎರಡನೇ ಮಹಾಯುದ್ಧದ ನಂತರದ ಜರ್ಮನ್ ರಂಗಭೂಮಿಯ ಮಾತು ಬಂದಾಗಲೆಲ್ಲ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಜೊತೆಗೆ ಇವರ ಹೆಸರೂ ಬರುತ್ತದೆ. ಅನೇಕ ಸಲ ಇವರನ್ನು ಅಸಂಗತ ನಾಟಕಕಾರರ ಸಾಲಿಗೆ ಸೇರಿಸಿ ಮುಗಿಸುವುದೂ ಉಂಟು. ನನ್ನ ಮಟ್ಟಿಗೆ ಆ ವರ್ಗೀಕರಣ ತಪ್ಪು. ಅಸಂಗತ ನಾಟಕದಲ್ಲಿ ಕಾರ್ಯಕಾರಣಗಳ ಕೊಂಡಿ ಕಳಚಿರುತ್ತದೆ. ಡ್ಯೂರೆನ್‌ಮಾಟ್ ಅವರಲ್ಲಿ ಆ ಕೊಂಡಿ ಭಯ ಹುಟ್ಟಿಸುವಷ್ಟು ಬಿಗಿಯಾಗಿರುತ್ತದೆ. ಒಂದು ಸಣ್ಣ ಅನಿರೀಕ್ಷಿತವನ್ನು ಒಳಗೆ ಬಿಟ್ಟು, ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ತಪ್ಪದಂತೆ ಲೆಕ್ಕ ಮಾಡುತ್ತ ಹೋಗಿ, ಕೊನೆಗೆ ಯಾರೂ ಬಯಸದ ಜಾಗಕ್ಕೆ ಕಥೆಯನ್ನು ತಲುಪಿಸುವುದು ಅವರ ಕ್ರಮ. ಈ ಕ್ರಮ ಅವರಿಗೆ ಹೇಗೆ ದಕ್ಕಿತು ಎಂಬುದು ಗೊತ್ತಾದರೆ ಅವರ ನಾಟಕ, ಪತ್ತೇದಾರಿ ಕಾದಂಬರಿ, ಬಾನುಲಿ ನಾಟಕ ಎಲ್ಲವೂ ಒಂದೇ ಕುಲುಮೆಯಲ್ಲಿ ಕಾದವು ಎಂಬುದು ತಿಳಿಯುತ್ತದೆ.

ಡ್ಯೂರೆನ್‌ಮಾಟ್ ಹುಟ್ಟಿದ್ದು 1921ರ ಜನವರಿ 5ರಂದು, ಬರ್ನ್ ಪ್ರಾಂತದ ಕೊನೊಲ್ಫಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಪ್ರಾಟೆಸ್ಟಂಟ್ ಪಾದ್ರಿ. ತಾತ ಉಲ್ರಿಖ್ ಡ್ಯೂರೆನ್‌ಮಾಟ್ ರಾಜಕಾರಣಿ ಮತ್ತು ಪತ್ರಕರ್ತ. ತಮ್ಮ ಪತ್ರಿಕೆಯ ಮುಖಪುಟದಲ್ಲಿ ವಿಡಂಬನೆಯ ಪದ್ಯ ಅಚ್ಚು ಮಾಡುತ್ತಿದ್ದರು, ಅಂಥ ಒಂದು ಪದ್ಯಕ್ಕಾಗಿ ಹತ್ತು ದಿನ ಜೈಲಿಗೂ ಹೋಗಿ ಬಂದಿದ್ದರು. ಮೊಮ್ಮಗ ಇದನ್ನು ಹೆಮ್ಮೆಯಿಂದ ನೆನೆಯುತ್ತಿದ್ದರು. ಕುಟುಂಬ 1935ರಲ್ಲಿ ಬರ್ನ್ ನಗರಕ್ಕೆ ಬಂತು. ಹುಡುಗನಿಗೆ ಚಿತ್ರ ಬಿಡಿಸುವ ಗೀಳು. ಚಿತ್ರಕಾರನಾಗುವುದೋ ಲೇಖಕನಾಗುವುದೋ ಎಂಬ ತೊಳಲಾಟ ವಿಶ್ವವಿದ್ಯಾಲಯದ ದಿನಗಳ ತನಕವೂ ಹೋಗಲಿಲ್ಲ. ಬರ್ನ್ ಮತ್ತು ಜ್ಯೂರಿಕ್‌ಗಳಲ್ಲಿ ತತ್ತ್ವಶಾಸ್ತ್ರ ಓದಿ, ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ ಕುರಿತು ಪ್ರಬಂಧ ಬರೆಯಬೇಕೆಂದುಕೊಂಡು, ಅದನ್ನು ಬರೆಯದೆ 1946ರಲ್ಲಿ ಓದು ಬಿಟ್ಟರು. ಅದೇ ವರ್ಷ ನಟಿ ಲೊಟ್ಟಿ ಗೈಸ್ಲರ್ ಅವರನ್ನು ಮದುವೆಯಾದರು.

ಭಾಷೆಯ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು. ಡ್ಯೂರೆನ್‌ಮಾಟ್ ಮನೆಯಲ್ಲಿ, ಬೀದಿಯಲ್ಲಿ ಆಡುತ್ತಿದ್ದದ್ದು ಬರ್ನ್ ಸೀಮೆಯ ಜರ್ಮನ್. ಅದನ್ನು ಬರ್ಲಿನ್ನಿನವರು ಕೇಳಿದರೆ ಅರ್ಥ ಮಾಡಿಕೊಳ್ಳಲು ಹೆಣಗಬೇಕು. ಬರೆಯುತ್ತಿದ್ದದ್ದು ಗ್ರಂಥಸ್ಥ ಜರ್ಮನ್. ಧಾರವಾಡದ ಅಥವಾ ಕುಂದಾಪುರದ ಮನೆಮಾತಿನಲ್ಲಿ ಬೆಳೆದು ಶಿಷ್ಟ ಕನ್ನಡದಲ್ಲಿ ಬರೆಯುವವರಿಗೆ ಈ ಅಂತರ ಪರಿಚಿತವೇ, ಆದರೆ ಅಲ್ಲಿಯದು ಇನ್ನೂ ಹೆಚ್ಚು. ಬರೆಯುವ ಭಾಷೆ ತನಗೆ ಹುಟ್ಟಿನಿಂದ ಬಂದದ್ದಲ್ಲ, ಪ್ರತಿ ಸಲವೂ ಹೊಸದಾಗಿ ಗಳಿಸಿಕೊಳ್ಳಬೇಕಾದದ್ದು ಎಂಬ ಭಾವ ಅವರಿಗಿತ್ತು. ಅವರ ವಾಕ್ಯಗಳು ಒರಟಾಗಿ, ಗಂಟುಗಂಟಾಗಿ, ಹಿಡಿತಕ್ಕೆ ಸಿಗುವಂತೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು. ಸಾಲದ್ದಕ್ಕೆ 1952ರಲ್ಲಿ ಅವರು ಮನೆ ಕೊಂಡದ್ದು ಫ್ರೆಂಚ್ ಮಾತನಾಡುವ ನಷಾಟೆಲ್ ಪಟ್ಟಣದ ಮೇಲಿನ ಗುಡ್ಡದಲ್ಲಿ. ಸಾಯುವ ತನಕ ಸುಮಾರು 38 ವರ್ಷ ಅಲ್ಲೇ ಕೂತು ಜರ್ಮನ್‌ನಲ್ಲಿ ಬರೆದರು.

ಮೊದಲ ನಾಟಕ 1947ರ ಏಪ್ರಿಲ್‌ನಲ್ಲಿ ಜ್ಯೂರಿಕ್‌ನ ಅದೇ ಷೌಸ್ಪೀಲ್‌ಹೌಸ್‌ನಲ್ಲಿ ಪ್ರದರ್ಶನವಾಯಿತು. ಹದಿನಾರನೇ ಶತಮಾನದ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡು ಅಲ್ಲಿ ದೇವರ ರಾಜ್ಯ ಕಟ್ಟಲು ಹೊರಟ ಪಂಥದವರ ಕಥೆ ಅದು. ಪ್ರೇಕ್ಷಕರು ಪ್ರತಿಭಟಿಸಿ ಸಿಳ್ಳೆ ಹಾಕಿದರು, ಕೂಗಾಡಿದರು. ಆ ರಂಗಮಂದಿರದ ಮಹತ್ವ ಅರಿತರೆ ಈ ಗದ್ದಲಕ್ಕೂ ತೂಕ ಬರುತ್ತದೆ: ನಾಜಿಗಳ ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ತಪ್ಪಿಸಿಕೊಂಡು ಬಂದ ನಟನಟಿಯರಿಗೆ ಆಸರೆ ಕೊಟ್ಟ ವೇದಿಕೆ ಅದು, ಬ್ರೆಕ್ಟ್ ಅವರ 'ಮದರ್ ಕರೇಜ್' 1941ರಲ್ಲಿ ಮೊದಲು ಪ್ರದರ್ಶನಗೊಂಡದ್ದೂ ಅಲ್ಲೇ, ತೆರೇಸ್ ಗೀಸೆ ಅವರ ಅಭಿನಯದಲ್ಲಿ. ಅಂಥ ವೇದಿಕೆಯ ಮೇಲೆ ಒಬ್ಬ ಪಾದ್ರಿಯ ಮಗನ ಮೊದಲ ನಾಟಕ ರಂಪವೆಬ್ಬಿಸಿದ್ದರಿಂದ ಹೆಸರಂತೂ ಊರೆಲ್ಲ ಹರಡಿತು, ಹಣ ಮಾತ್ರ ಬರಲಿಲ್ಲ.

1949ರಲ್ಲಿ ಬಾಸೆಲ್‌ನಲ್ಲಿ ಬಂದ 'ಮಹಾನ್ ರೋಮುಲಸ್' ನಾಟಕದಲ್ಲಿ ಅವರ ಕೈ ಮೊದಲ ಸಲ ಪೂರ್ತಿ ಪಳಗಿದ್ದು ಕಾಣುತ್ತದೆ. ಇಸವಿ 476, ರೋಮ್ ಸಾಮ್ರಾಜ್ಯ ಕುಸಿಯುತ್ತಿದೆ, ಕೊನೆಯ ಚಕ್ರವರ್ತಿ ಕೋಳಿ ಸಾಕಿಕೊಂಡು, ಯಾವ ಕೋಳಿ ಮೊಟ್ಟೆಯಿಟ್ಟಿತು ಎಂದು ವಿಚಾರಿಸುತ್ತ ಕುಳಿತಿದ್ದಾನೆ. ಸೋಮಾರಿಯಂತೆ ಕಾಣುವ ಅವನು ಒಳಗೊಳಗೇ ಒಂದು ತೀರ್ಪು ಬರೆದುಕೊಂಡಿದ್ದಾನೆ: ಇಷ್ಟು ರಕ್ತ ಕುಡಿದ ಸಾಮ್ರಾಜ್ಯ ಉಳಿಯಲು ಯೋಗ್ಯವಲ್ಲ, ಅದರ ನ್ಯಾಯಾಧೀಶ ನಾನೇ, ಶಿಕ್ಷೆಯಾಗಿ ನಾನೂ ಸಾಯುತ್ತೇನೆ. 1957ರಲ್ಲಿ ಡ್ಯೂರೆನ್‌ಮಾಟ್ ಈ ನಾಟಕದ ಕೊನೆಯ ಅಂಕವನ್ನು ತಿದ್ದಿ ಬರೆದರು. ತಿದ್ದಿದ ರೂಪದಲ್ಲಿ, ಕೊಲ್ಲಲು ಬರುತ್ತಾನೆಂದು ಕಾದಿದ್ದ ಜರ್ಮಾನಿಕ್ ನಾಯಕ ಓಡೊಆಕರ್ ಕೂಡ ಕೋಳಿಪ್ರಿಯ. ತನ್ನ ಅಣ್ಣನ ಮಗ ಥಿಯೊಡೊರಿಕ್ ಇನ್ನೊಂದು ರಕ್ತಪಿಪಾಸು ಸಾಮ್ರಾಜ್ಯ ಕಟ್ಟುತ್ತಾನೆಂಬ ಭಯದಿಂದ ರೋಮುಲಸ್‌ಗೇ ಶರಣಾಗಲು ಬಂದವನು. ಬಲಿದಾನಕ್ಕೆ ಸಿದ್ಧನಾಗಿ ನಿಂತ ಚಕ್ರವರ್ತಿಗೆ ಸಿಗುವುದು ಪಿಂಚಣಿ. ಈ ಒಂದು ತಿದ್ದುಪಡಿಯಲ್ಲಿ ಡ್ಯೂರೆನ್‌ಮಾಟ್ ಅವರ ಮುಂದಿನ ದಾರಿಯೆಲ್ಲ ಇದೆ. ಎಷ್ಟೇ ನ್ಯಾಯವಾಗಿ ಯೋಚಿಸಿದವನ ಲೆಕ್ಕವೂ, ಎದುರಿಗೆ ಯಾರು ಬಂದು ನಿಲ್ಲುತ್ತಾರೆ ಎಂಬ ಒಂದು ಆಕಸ್ಮಿಕದ ಮುಂದೆ ನಿಲ್ಲಲಾರದು.

1949ಕ್ಕೂ 1957ಕ್ಕೂ ನಡುವೆ ಅವರು ಆಕಸ್ಮಿಕವನ್ನು ಕುರಿತು ಇಷ್ಟೊಂದು ಕಲಿತದ್ದಾದರೂ ಎಲ್ಲಿ? ಬಹುಮಟ್ಟಿಗೆ ಪತ್ತೇದಾರಿ ಕಾದಂಬರಿಯಲ್ಲಿ. ಆಗ ಸಂಸಾರ ಬೀಲ್ ಸರೋವರದ ದಂಡೆಯ ಲೀಗೆರ್ಟ್ಸ್ ಎಂಬ ಹಳ್ಳಿಯಲ್ಲಿತ್ತು. ಮಕ್ಕಳು ಹುಟ್ಟುತ್ತಿದ್ದರು, ಡ್ಯೂರೆನ್‌ಮಾಟ್ ಅವರಿಗೇ ಸಕ್ಕರೆ ಕಾಯಿಲೆ ಬಂದಿತ್ತು, ಸಾಲ ಬೆಳೆಯುತ್ತಿತ್ತು. 'ಷ್ವೈಟ್ಸರಿಷೆ ಬೆಓಬಾಖ್ಟರ್' ಎಂಬ ಜನಪ್ರಿಯ ಪತ್ರಿಕೆಗೆ ಧಾರಾವಾಹಿಯಾಗಿ ಪತ್ತೇದಾರಿ ಕಾದಂಬರಿ ಬರೆಯಲು ಒಪ್ಪಿಕೊಂಡರು. 'ನ್ಯಾಯಾಧೀಶ ಮತ್ತು ಅವನ ವಧಕ' 1950ರ ಡಿಸೆಂಬರ್‌ನಿಂದ 1951ರ ಮಾರ್ಚ್ ತನಕ ಕಂತುಕಂತಾಗಿ ಬಂತು. ಹಿಂದೆಯೇ 'ಸಂಶಯ' ಬಂತು. ಹೊಟ್ಟೆಪಾಡಿಗೆ ಬರೆದ ಕೃತಿಗಳೆಂದು ಇವನ್ನು ಬದಿಗೆ ಸರಿಸುವವರಿದ್ದಾರೆ. ಅವರ ಚಿಂತನೆಯ ಗಟ್ಟಿ ಅಡಿಪಾಯ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಮೊದಲ ಕಾದಂಬರಿಯ ತಿರುಳು ಒಂದು ಬಾಜಿ. ಬರ್ನ್ ಪೊಲೀಸಿನ ಕಮಿಷನರ್ ಬೆರ್ಲಾಖ್‌ಗೆ ವಯಸ್ಸಾಗಿದೆ, ಹೊಟ್ಟೆಯ ರೋಗಕ್ಕೆ ಶಸ್ತ್ರಚಿಕಿತ್ಸೆಯಾದರೂ ಬದುಕು ಇನ್ನೊಂದೇ ವರ್ಷ ಎಂದು ಡಾಕ್ಟರು ಹೇಳಿದ್ದಾರೆ. ನಲವತ್ತು ವರ್ಷಗಳ ಹಿಂದೆ ಟರ್ಕಿಯಲ್ಲಿ, ಬಾಸ್ಫರಸ್ ಜಲಸಂಧಿಯ ಬಳಿ, ಅವನು ಇನ್ನೊಬ್ಬ ಯುವಕನೊಂದಿಗೆ ವಾದಕ್ಕಿಳಿದಿದ್ದ. ಮನುಷ್ಯನ ಅಪೂರ್ಣತೆ, ಇತರರ ನಡೆಯನ್ನು ಮುಂಗಾಣಲಾಗದಿರುವುದು, ಎಲ್ಲದರಲ್ಲೂ ನುಸುಳುವ ಆಕಸ್ಮಿಕ, ಇವುಗಳಿಂದಾಗಿ ಅಪರಾಧಗಳು ಬಯಲಾಗಿಯೇ ಆಗುತ್ತವೆ ಎಂಬುದು ಬೆರ್ಲಾಖ್‌ನ ವಾದ. ಅದೇ ಗೋಜಲಿನಿಂದಾಗಿಯೇ ಅಪರಾಧಗಳು ಬಯಲಾಗದೆ ಉಳಿಯುತ್ತವೆ ಎಂಬುದು ಎದುರಾಳಿಯ ವಾದ; ಅದನ್ನು ಸಿದ್ಧ ಮಾಡಲು ಅವನು ಬೆರ್ಲಾಖ್‌ನ ಕಣ್ಣೆದುರಿಗೇ ಒಬ್ಬನನ್ನು ಸೇತುವೆಯಿಂದ ತಳ್ಳಿ ಕೊಂದ, ಸಿಕ್ಕಿಬೀಳಲೂ ಇಲ್ಲ. ಮಾಡಿದ ಅಪರಾಧಗಳಿಗಾಗಿ ಅವನನ್ನು ಹಿಡಿಯಲಾಗದ ಬೆರ್ಲಾಖ್ ಕೊನೆಗೆ ಅವನು ಮಾಡದ ಒಂದು ಕೊಲೆಯ ಜಾಡಿಗೆ ಅವನನ್ನು ತಂದು, ನಿಜವಾದ ಕೊಲೆಗಾರನ ಕೈಯಿಂದಲೇ ಅವನನ್ನು ಮುಗಿಸುತ್ತಾನೆ. ನ್ಯಾಯ ಸಿಕ್ಕಿತೇ? ಸಿಕ್ಕಿತು, ಅನ್ಯಾಯದ ದಾರಿಯಲ್ಲಿ. ಓದುಗ ಪುಸ್ತಕ ಮುಚ್ಚುವಾಗ ಪೊಲೀಸನನ್ನು ಮೆಚ್ಚಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಾನೆ. ಕಥೆ ನಡೆಯುವುದು ಲಾಂಬ್ವಾಂ ಮತ್ತು ಟ್ವಾನ್ ಎಂಬ, ಲೇಖಕರ ಮನೆಯಿಂದ ನಡೆದು ಹೋಗಬಹುದಾದ ಹಳ್ಳಿಗಳಲ್ಲಿ.

ಇದೇ ವರ್ಷಗಳಲ್ಲಿ ಜರ್ಮನಿಯ ರೇಡಿಯೊ ಕೇಂದ್ರಗಳು ಅವರಿಗೆ ಕೈತುಂಬ ಕೆಲಸ ಕೊಟ್ಟವು. ಟೆಲಿವಿಷನ್ ಇನ್ನೂ ಮನೆಮನೆಗೆ ಬಂದಿರದ ಕಾಲ. ಬಾನುಲಿ ನಾಟಕಕ್ಕೆ ಅಲ್ಲಿ ದೊಡ್ಡ ಕೇಳುಗವರ್ಗವಿತ್ತು, ಲೇಖಕರಿಗೆ ಒಳ್ಳೆಯ ಸಂಭಾವನೆಯಿತ್ತು. 1956ರ 'ಗಾಡಿ ಕೆಟ್ಟಾಗ' ಎಂಬ ನಾಟಕಕ್ಕೆ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಹೆಸರಿನ ಬಾನುಲಿ ನಾಟಕ ಪ್ರಶಸ್ತಿ ಬಂತು. ಅಂಥ ಯೋಧರೂ ಕುಳಿತು ತೀರ್ಮಾನಿಸುತ್ತಿದ್ದ ಪ್ರಶಸ್ತಿ ಅದು. ಕಥೆ ಸರಳ. ಟ್ರಾಪ್ಸ್ ಎಂಬ ಬಟ್ಟೆ ವ್ಯಾಪಾರದ ಪ್ರತಿನಿಧಿಯ ಕಾರು ಒಂದು ಹಳ್ಳಿಯಲ್ಲಿ ಕೆಟ್ಟು ನಿಲ್ಲುತ್ತದೆ. ರಾತ್ರಿ ತಂಗಲು ಜಾಗ ಕೊಡುವ ಮನೆಯಲ್ಲಿ ನಿವೃತ್ತ ನ್ಯಾಯಾಧೀಶ, ನಿವೃತ್ತ ಸರ್ಕಾರಿ ವಕೀಲ ಮೊದಲಾದ ಮುದುಕರು ಊಟದ ಜೊತೆಗೆ ಕೋರ್ಟಿನ ಆಟ ಆಡುತ್ತಾರೆ, ಅತಿಥಿಯೇ ಆರೋಪಿ. ತಾನು ಯಾವ ಅಪರಾಧವನ್ನೂ ಮಾಡಿಲ್ಲವೆಂದು ನಗುತ್ತ ಕೂತ ಟ್ರಾಪ್ಸ್, ಒಂದೊಂದು ಬಗೆಯ ಊಟ ಬಂದಂತೆ, ಒಂದೊಂದು ವೈನ್ ಬಾಟಲಿ ತೆರೆದಂತೆ, ತನ್ನ ಮೇಲಧಿಕಾರಿಯ ಸಾವಿಗೆ ತಾನೇ ಕಾರಣವೆಂದು ಕಂಡುಕೊಳ್ಳುತ್ತಾನೆ. ಮರಣದಂಡನೆಯ ತೀರ್ಪು ಬಂದಾಗ ಅದರಲ್ಲಿ ತನ್ನ ಬದುಕಿಗೊಂದು ಘನತೆ ಸಿಕ್ಕಿತೆಂದು ಹಿಗ್ಗುತ್ತಾನೆ. ಕಥಾರೂಪದಲ್ಲಿ ಅವನು ನೇಣು ಹಾಕಿಕೊಂಡು ಮುದುಕರ ಆಟ ಕೆಡಿಸುತ್ತಾನೆ. ಬಾನುಲಿ ರೂಪದಲ್ಲಿ ಬೆಳಗ್ಗೆ ಎದ್ದು, ರಾತ್ರಿಯದನ್ನೆಲ್ಲ ಕೊಡವಿಕೊಂಡು, ರಿಪೇರಿಯಾದ ಕಾರು ಹತ್ತಿ ಹೋಗುತ್ತಾನೆ. ಒಂದೇ ಕಥೆಗೆ ಎರಡು ಕೊನೆ. ಯಾವುದು ಹೆಚ್ಚು ಭಯಾನಕ ಎಂದು ಕೇಳಿದರೆ, ಏನೂ ಆಗದಂತೆ ಕಾರು ಹತ್ತಿ ಹೋಗುವುದೇ ಎನ್ನುತ್ತೇನೆ.

ಇಲ್ಲಿ ಅವರ ರಂಗಚಿಂತನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 1950ರ ದಶಕದ ನಡುವೆ 'ರಂಗಭೂಮಿಯ ಸಮಸ್ಯೆಗಳು' ಎಂಬ ಉಪನ್ಯಾಸದಲ್ಲಿ ಅವರು ಕೇಳಿದ್ದು ಇದು: ಈ ಕಾಲಕ್ಕೆ ರುದ್ರನಾಟಕ ಸಾಧ್ಯವೇ? ರುದ್ರನಾಟಕಕ್ಕೆ ತಪ್ಪು ಬೇಕು, ತಪ್ಪಿನ ಹೊಣೆ ಹೊರುವ ಒಬ್ಬ ಮನುಷ್ಯ ಬೇಕು, ಆ ಹೊಣೆಯನ್ನು ಅಳೆಯುವ ಒಂದು ಲೋಕಕ್ರಮ ಬೇಕು. ಆದರೆ ಎರಡು ಮಹಾಯುದ್ಧಗಳ, ಯಾತನಾಶಿಬಿರಗಳ, ಅಣುಬಾಂಬಿನ ಶತಮಾನದಲ್ಲಿ ಯಾರನ್ನು ಕೇಳಿದರೂ ನನ್ನ ಕೈಯಲ್ಲಿ ಏನಿತ್ತು, ನನಗೆ ಇದು ಬೇಕಿರಲಿಲ್ಲ ಎನ್ನುತ್ತಾರೆ. ಎಲ್ಲರೂ ಕೂಡಿ ಮಾಡಿದ್ದರಿಂದ ಯಾರೊಬ್ಬರೂ ಮಾಡಿದಂತಾಗಿಲ್ಲ. ಇಂದಿನ ಲೋಕದಲ್ಲಿ ಗ್ರೀಕ್ ರುದ್ರನಾಟಕದ ನಾಯಕಿ ಆಂಟಿಗೊನೆಯ ಪ್ರಕರಣವನ್ನು ದೊರೆ ಕ್ರೆಯೊನ್ ಅಲ್ಲ, ಅವನ ಕಾರ್ಯದರ್ಶಿಗಳು ಇತ್ಯರ್ಥ ಮಾಡುತ್ತಾರೆ ಎಂದು ಅವರು ಹೇಳಿದ್ದು ಇದೇ ಅರ್ಥದಲ್ಲಿ. ಸರ್ಕಾರಿ ಕಚೇರಿಯಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವುದನ್ನು ಕಂಡ ಯಾರಿಗಾದರೂ ಈ ಮಾತು ನಾಟುತ್ತದೆ. ಆದ್ದರಿಂದ ನಮಗೆ ಉಳಿದಿರುವುದು ಹಾಸ್ಯನಾಟಕವೊಂದೇ ಎಂಬುದು ಅವರ ತೀರ್ಮಾನ. ಹಾಸ್ಯವೆಂದರೆ ಹಗುರ ಎಂದಲ್ಲ. ಕನ್ನಡದ 'ವಿಕಟ' ಎಂಬ ಪದ ಅವರ ಹಾಸ್ಯಕ್ಕೆ ಚೆನ್ನಾಗಿ ಹೊಂದುತ್ತದೆ: ವಿಕಟಕವಿ ಎಂದಾಗ ನಗು ಬರುತ್ತದೆ, ವಿಕಟ ಅಟ್ಟಹಾಸ ಎಂದಾಗ ಮೈ ಜುಮ್ಮೆನ್ನುತ್ತದೆ, ಡ್ಯೂರೆನ್‌ಮಾಟ್ ಅವರ ದೃಶ್ಯಗಳಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಇಂದಿನ ಜಗತ್ತನ್ನು ರಂಗದ ಮೇಲೆ ತರಲು ಸಾಧ್ಯವೇ ಎಂದು ಅವರು ಎತ್ತಿದ ಪ್ರಶ್ನೆಗೆ 1955ರಲ್ಲಿ ಬ್ರೆಕ್ಟ್ ಉತ್ತರ ಬರೆದರು: ಜಗತ್ತು ಬದಲಿಸಬಹುದಾದದ್ದು ಎಂದು ತೋರಿಸಿದರೆ ಮಾತ್ರ ಸಾಧ್ಯ. ಡ್ಯೂರೆನ್‌ಮಾಟ್ ಆ ನಂಬಿಕೆಯನ್ನು ಹಂಚಿಕೊಳ್ಳಲಿಲ್ಲ. ಒಬ್ಬರು ಜಗತ್ತನ್ನು ದುರಸ್ತಿ ಮಾಡುವವರ ಕಣ್ಣಿನಿಂದ ನೋಡಿದರು, ಇನ್ನೊಬ್ಬರು ಅದು ಎಲ್ಲಿ ಕೆಟ್ಟು ನಿಲ್ಲುತ್ತದೆಂದು ಕಾಯುವವರ ಕಣ್ಣಿನಿಂದ.

ಮತ್ತೆ ಹಳದಿ ಬೂಟುಗಳ ಊರಿಗೆ ಬರೋಣ. ನಷಾಟೆಲ್‌ಗೂ ಬರ್ನ್‌ಗೂ ನಡುವೆ ರೈಲಿನಲ್ಲಿ ಓಡಾಡುತ್ತಿದ್ದಾಗ, ಇನ್ಸ್ ಮತ್ತು ಕೆರ್ಟ್ಸರ್ಸ್ ಎಂಬ ಸಣ್ಣ ನಿಲ್ದಾಣಗಳಲ್ಲಿ ವೇಗದ ರೈಲು ನಿಲ್ಲುವುದನ್ನು ಕಂಡದ್ದು ಈ ನಾಟಕದ ಹುಟ್ಟಿಗೆ ನೆರವಾಯಿತು. ಅವರು ಕಟ್ಟಿದ ಗ್ಯೂಲೆನ್ ಎಂಬ ಊರಿನಲ್ಲಿ ವೇಗದ ರೈಲುಗಳು ಈಗ ನಿಲ್ಲುವುದಿಲ್ಲ, ಕಾರ್ಖಾನೆಗಳು ಮುಚ್ಚಿವೆ, ಜನ ನಿಲ್ದಾಣದಲ್ಲಿ ಕೂತು ಹಾದುಹೋಗುವ ಬೋಗಿಗಳನ್ನು ಎಣಿಸುತ್ತಾರೆ. ಅಪಾಯದ ಸರಪಳಿ ಎಳೆದು ರೈಲು ನಿಲ್ಲಿಸಿ ಇಳಿಯುವವಳು ಕ್ಲೇರ್ ತ್ಸಖಾನಾಸಿಯನ್, ಜಗತ್ತಿನ ಅತ್ಯಂತ ಸಿರಿವಂತೆ. ಹದಿಹರೆಯದಲ್ಲಿ ಇದೇ ಊರಿನ ಇಲ್ ಅವಳನ್ನು ಬಸಿರು ಮಾಡಿ, ಮಗು ತನ್ನದಲ್ಲವೆಂದು ಕೋರ್ಟಿನಲ್ಲಿ ಹೇಳಲು ಇಬ್ಬರಿಗೆ ಒಂದು ಲೀಟರ್ ಸಾರಾಯಿ ಕೊಟ್ಟು ಸುಳ್ಳುಸಾಕ್ಷಿ ಹೇಳಿಸಿದ್ದ. ಊರು ಬಿಟ್ಟ ಅವಳು ವೇಶ್ಯೆಯಾದಳು, ಮಗು ಸತ್ತಿತು, ಒಬ್ಬ ತೈಲದೊರೆ ಅವಳನ್ನು ಮದುವೆಯಾದ. ಈಗ ಅವಳು ನೂರು ಕೋಟಿ ಕೊಡಲು ಬಂದಿದ್ದಾಳೆ: ಅರ್ಧ ಊರಿಗೆ, ಅರ್ಧ ಮನೆಮನೆಗೆ ಸಮನಾಗಿ. ಷರತ್ತು ಒಂದೇ, ಯಾರಾದರೂ ಇಲ್‌ನನ್ನು ಕೊಲ್ಲಬೇಕು. ರಕ್ತ ಮೆತ್ತಿಕೊಳ್ಳುವುದಕ್ಕಿಂತ ಬಡವರಾಗಿಯೇ ಇರುತ್ತೇವೆಂದು ಮೇಯರ್ ತಿರಸ್ಕರಿಸಿದಾಗ ಚಪ್ಪಾಳೆಯ ಸುರಿಮಳೆಯಾಗುತ್ತದೆ. ಕಾಯುತ್ತೇನೆ ಎಂದಷ್ಟೇ ಅವಳು ಹೇಳುತ್ತಾಳೆ.

ನಾಟಕದ ಜಾಣ್ಮೆ ಇರುವುದು ಈ ಕಾಯುವಿಕೆಯಲ್ಲಿ. ಕೊಲ್ಲಬೇಕೆಂದು ಯಾರೂ ನಿರ್ಧರಿಸುವುದಿಲ್ಲ. ಎಲ್ಲರೂ ಸಾಲ ಮಾಡುತ್ತಾರೆ, ಅಷ್ಟೇ. ರಕ್ಷಣೆ ಕೇಳಲು ಇಲ್ ಪೊಲೀಸನ ಬಳಿ ಹೋದರೆ ಅವನ ಬಾಯಲ್ಲಿ ಹೊಸ ಚಿನ್ನದ ಹಲ್ಲು ಹೊಳೆಯುತ್ತದೆ. ಮೇಯರ್ ಬಳಿ ಹೋದರೆ ಹೊಸ ಟೈಪ್‌ರೈಟರ್. ಪಾದ್ರಿಯ ಬಳಿ ಹೋದರೆ ಚರ್ಚಿನಲ್ಲಿ ಹೊಸ ಗಂಟೆ ಬಾರಿಸುತ್ತದೆ, ಆ ಗಂಟೆ ಕೇಳಿ ಪಾದ್ರಿಯೇ ಕುಸಿದು, ಓಡಿಹೋಗು, ನಮ್ಮನ್ನು ಪ್ರಲೋಭನೆಗೆ ದೂಡಬೇಡ ಎಂದು ಬೇಡಿಕೊಳ್ಳುತ್ತಾನೆ. ಸಾಲ ಒಂದು ಮಿತಿ ಮೀರಿದ ಮೇಲೆ ಕೊಲೆ ಬರಿಯ ಲೆಕ್ಕದ ಮಾತಾಗುತ್ತದೆ. ಅದಕ್ಕೆ ನ್ಯಾಯದ ಹೆಸರು ಹುಡುಕುವುದು ಮಾತ್ರ ಬಾಕಿ. ಅದನ್ನು ಊರಿನ ಶಿಕ್ಷಕ, ಊರಿನ ಮಾನವತಾವಾದಿ, ಸಭೆಯಲ್ಲಿ ನಿಂತು ಸೊಗಸಾದ ಭಾಷಣದಲ್ಲಿ ಒದಗಿಸುತ್ತಾನೆ. ಇನ್ನೊಂದು ಸಂಗತಿ ನಡುವೆ ಬಯಲಾಗಿರುತ್ತದೆ: ಊರಿನ ಕಾರ್ಖಾನೆಗಳನ್ನೆಲ್ಲ ಗುಟ್ಟಾಗಿ ಕೊಂಡು ಮುಚ್ಚಿಸಿದವಳು ಕ್ಲೇರಳೇ. ಬಡತನವೂ ಅವಳದೇ, ಪರಿಹಾರವೂ ಅವಳದೇ.

ಕೊನೆಯ ಸಭೆಯ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಪತ್ರಕರ್ತರು, ಕ್ಯಾಮೆರಾದವರು ನೆರೆದಿದ್ದಾರೆ. ಹೊರಗಿನವರಿಗೆ ಇದು ಒಂದು ಉದಾರ ದತ್ತಿಯ ಸ್ವೀಕಾರ ಸಮಾರಂಭ. ದುಡ್ಡಿಗಾಗಿ ಅಲ್ಲ, ನ್ಯಾಯಕ್ಕಾಗಿ ಎಂದು ಮೇಯರ್ ಒಂದೊಂದು ಸಾಲು ಹೇಳುತ್ತಾನೆ, ಇಡೀ ಊರು ಪ್ರಾರ್ಥನೆಯಂತೆ ಅದನ್ನು ಪುನರುಚ್ಚರಿಸುತ್ತದೆ. ಎಲ್ಲ ಕೈಗಳೂ ಮೇಲೆದ್ದಾಗ ಇಲ್‌ನ ಬಾಯಿಂದ ದೇವರೇ ಎಂಬ ಚೀತ್ಕಾರ ಹೊರಡುತ್ತದೆ. ಅಷ್ಟರಲ್ಲಿ ಚಿತ್ರೀಕರಣದ ದೀಪ ಕೈಕೊಟ್ಟಿರುತ್ತದೆ. ದಯವಿಟ್ಟು ಇನ್ನೊಮ್ಮೆ ಎಂದು ಕ್ಯಾಮೆರಾದವನು ಕೇಳುತ್ತಾನೆ. ಇಡೀ ಊರು ಅದೇ ಭಕ್ತಿಯಿಂದ ಅದೇ ಸಾಲುಗಳನ್ನು ಮತ್ತೊಮ್ಮೆ ಹೇಳುತ್ತದೆ, ಕೈಗಳು ಮತ್ತೆ ಏಳುತ್ತವೆ. ಇಲ್ ಮಾತ್ರ ಈ ಸಲ ಕೂಗುವುದಿಲ್ಲ. ಆ ದೇವರೇ ಎಂಬ ಕೂಗು ಎಷ್ಟು ಚೆನ್ನಾಗಿತ್ತು, ಸಂತೋಷದ ಕೂಗು, ಅದು ಸಿಗಲಿಲ್ಲವಲ್ಲ ಎಂದು ಕ್ಯಾಮೆರಾದವನು ಪೇಚಾಡುತ್ತಾನೆ. ಪ್ರೇಕ್ಷಕರು ಇಲ್ಲಿ ನಗುತ್ತಾರೆ, ನಕ್ಕ ಮರುಗಳಿಗೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರಕಟಿತ ನಾಟಕದ ಟಿಪ್ಪಣಿಯಲ್ಲಿ ಡ್ಯೂರೆನ್‌ಮಾಟ್ ಒಂದು ಮಾತು ಸೇರಿಸಿದ್ದಾರೆ: ಇದನ್ನು ಬರೆದವನು ಈ ಊರಿನ ಜನರಿಂದ ತನ್ನನ್ನು ದೂರವಿಟ್ಟುಕೊಂಡಿಲ್ಲ, ಅವರ ಜಾಗದಲ್ಲಿ ತಾನಿದ್ದಿದ್ದರೆ ಬೇರೆ ರೀತಿ ನಡೆಯುತ್ತಿದ್ದೆನೆಂಬ ಖಾತ್ರಿಯೂ ಅವನಿಗಿಲ್ಲ. ಯುದ್ಧಕಾಲದಲ್ಲಿ ತಟಸ್ಥವಾಗಿದ್ದು, ನಾಜಿ ಜರ್ಮನಿಯೊಂದಿಗೆ ವ್ಯವಹಾರ ಮಾಡುತ್ತ, ಗಡಿಗೆ ಬಂದ ನಿರಾಶ್ರಿತರಲ್ಲಿ ಅನೇಕರನ್ನು ಹಿಂದಕ್ಕೆ ಕಳಿಸಿದ ದೇಶದ ಪ್ರಜೆ ಆಡಿದ ಮಾತು ಇದು.

ಜ್ಯೂರಿಕ್‌ನಲ್ಲಿ ಕ್ಲೇರಳ ಪಾತ್ರ ಮಾಡಿದವರು ತೆರೇಸ್ ಗೀಸೆ. 1958ರಲ್ಲಿ ಪೀಟರ್ ಬ್ರೂಕ್ ನಿರ್ದೇಶನದಲ್ಲಿ ನಾಟಕ ನ್ಯೂಯಾರ್ಕ್ ತಲುಪಿ, ಅಲ್ಲಿನ ವಿಮರ್ಶಕರ ಸಂಘದಿಂದ ಉತ್ತಮ ವಿದೇಶಿ ನಾಟಕದ ಪ್ರಶಸ್ತಿ ಪಡೆಯಿತು. 1964ರಲ್ಲಿ ಇಂಗ್ರಿಡ್ ಬರ್ಗ್‌ಮನ್, ಆಂಥೊನಿ ಕ್ವಿನ್ ನಟಿಸಿದ ಸಿನಿಮಾ ಬಂತು. ಅದರಲ್ಲಿ ಕೊನೆಗೆ ಅವನನ್ನು ಬದುಕಲು ಬಿಡುತ್ತಾರೆ, ಅದರೊಂದಿಗೆ ನಾಟಕದ ಜೀವವೇ ಹೋಗುತ್ತದೆ. ನಾಟಕದ ಮರ್ಮ ಹಿಡಿದವರು ಸೆನೆಗಲ್ ದೇಶದ ಜಿಬ್ರಿಲ್ ಡಿಯೊಪ್ ಮಂಬೆಟಿ. 1992ರ ಅವರ 'ಕತ್ತೆಕಿರುಬಗಳು' ಸಿನಿಮಾದಲ್ಲಿ ಹಿಂದಿರುಗುವ ಮುದುಕಿ ವಿಶ್ವಬ್ಯಾಂಕಿಗಿಂತ ಸಿರಿವಂತೆ ಎಂದು ಊರಿನಲ್ಲಿ ಸುದ್ದಿ. ಹಳದಿ ಬೂಟಿನ ರೂಪಕ ಆಫ್ರಿಕಾದ ಸಾಲಗ್ರಸ್ತ ನೆಲದಲ್ಲಿ ಅಷ್ಟು ಸಲೀಸಾಗಿ ಬೇರೂರಿದ್ದನ್ನು ನೋಡಿದರೆ, ಡ್ಯೂರೆನ್‌ಮಾಟ್ ಬರೆದದ್ದು ಒಂದು ಸ್ವಿಸ್ ಪಟ್ಟಣದ ಕಥೆಯಷ್ಟೇ ಆಗಿರಲಿಲ್ಲ ಎಂಬುದು ಮನದಟ್ಟಾಗುತ್ತದೆ.

ಸಿನಿಮಾದವರೊಂದಿಗಿನ ಇನ್ನೊಂದು ಜಗಳದಿಂದ ಅವರ ಅತ್ಯುತ್ತಮ ಕಾದಂಬರಿ ಹುಟ್ಟಿತು ಎನ್ನಬಹುದು, ಜಗಳ ವ್ಯಕ್ತಿಗಳ ಮೇಲಿನದಲ್ಲ, ಕಥೆಯ ಕೊನೆಯ ಬಗೆಗಿನದು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸುವ ಚಿತ್ರಕ್ಕೆ ಕಥೆ ಬರೆದುಕೊಟ್ಟರು. 1958ರಲ್ಲಿ ಬಂದ ಆ ಚಿತ್ರದಲ್ಲಿ ಪತ್ತೇದಾರ ಕೊಲೆಗಾರನನ್ನು ಹಿಡಿಯುತ್ತಾನೆ. ಅದೇ ವರ್ಷ ಅದೇ ಕಥೆಯನ್ನು 'ಕೊಟ್ಟ ಮಾತು' ಎಂಬ ಕಾದಂಬರಿಯಾಗಿ ಬರೆದು, ಪತ್ತೇದಾರಿ ಕಾದಂಬರಿಗೊಂದು ಶ್ರಾದ್ಧಗೀತೆ ಎಂಬರ್ಥದ ಉಪಶೀರ್ಷಿಕೆ ಇಟ್ಟರು. ಇಲ್ಲಿ ಮತ್ತೆಯ್ ಎಂಬ ಪೊಲೀಸ್ ಅಧಿಕಾರಿ, ಕೊಲೆಯಾದ ಹುಡುಗಿಯ ತಾಯಿಗೆ ಕೊಲೆಗಾರನನ್ನು ಹುಡುಕುತ್ತೇನೆಂದು ಮಾತು ಕೊಡುತ್ತಾನೆ. ಸಾಕ್ಷ್ಯಗಳನ್ನು ಜೋಡಿಸಿ, ಕೊಲೆಗಾರ ಯಾವ ರಸ್ತೆಯಲ್ಲಿ ಓಡಾಡುತ್ತಾನೆಂದು ಸರಿಯಾಗಿಯೇ ಊಹಿಸಿ, ಆ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಕೊಂಡು, ಸತ್ತ ಹುಡುಗಿಯನ್ನೇ ಹೋಲುವ ಇನ್ನೊಂದು ಮಗುವನ್ನು ಅಲ್ಲಿ ಆಡಲು ಬಿಟ್ಟು ಕಾಯುತ್ತಾನೆ. ದಿನ, ತಿಂಗಳು, ವರ್ಷ. ಕೆಲಸ ಹೋಗುತ್ತದೆ, ಕುಡಿತ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ, ಆದರೂ ಕಾಯುತ್ತಾನೆ. ಅವನ ಊಹೆಯಲ್ಲಿ ಒಂದೂ ತಪ್ಪಿರಲಿಲ್ಲ. ಕೊಲೆಗಾರ ನಿಜವಾಗಿಯೂ ಬರುತ್ತಿದ್ದ. ದಾರಿಯಲ್ಲಿ ಕಾರು ಅಪಘಾತವಾಗಿ ಸತ್ತುಹೋದ. ಇದು ಎಷ್ಟೋ ವರ್ಷಗಳ ನಂತರ ಆಸ್ಪತ್ರೆಯಲ್ಲಿ ಸಾಯುತ್ತಿರುವ ಒಬ್ಬ ಮುದುಕಿಯ ಹರಟೆಯಲ್ಲಿ ಬಯಲಾಗುತ್ತದೆ, ಆ ಹೊತ್ತಿಗೆ ಮತ್ತೆಯ್‌ಗೆ ಅದನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯೇ ಉಳಿದಿರುವುದಿಲ್ಲ. ಮಾಮೂಲಿ ಪತ್ತೇದಾರಿ ಕಥೆ ನಮಗೆ ಕೊಡುವ ನೆಮ್ಮದಿಯೆಂದರೆ, ಬುದ್ಧಿ ಸರಿಯಿದ್ದರೆ ಜಗತ್ತು ಮಣಿಯುತ್ತದೆ ಎಂಬುದು. ಬುದ್ಧಿ ಸರಿಯಿದ್ದೂ ಜಗತ್ತು ಮಣಿಯದ ಕಥೆಯನ್ನು ಇಷ್ಟು ನಿರ್ದಯವಾಗಿ ಬರೆದ ಇನ್ನೊಬ್ಬರನ್ನು ನಾನು ಓದಿಲ್ಲ.

1962ರ ಫೆಬ್ರುವರಿ 21ರಂದು ಜ್ಯೂರಿಕ್‌ನಲ್ಲಿ ತೆರೆ ಕಂಡ 'ಭೌತವಿಜ್ಞಾನಿಗಳು' ಇದೇ ಸೂತ್ರವನ್ನು ಇಡೀ ಮನುಕುಲಕ್ಕೆ ಹಿಗ್ಗಿಸುತ್ತದೆ. ತನ್ನ ಸಂಶೋಧನೆ ಲೋಕವನ್ನು ಸುಟ್ಟೀತೆಂದು ಹೆದರಿ ಮೋಬಿಯಸ್ ಎಂಬ ವಿಜ್ಞಾನಿ ಹುಚ್ಚನಂತೆ ನಟಿಸಿ ಮಾನಸಿಕ ಚಿಕಿತ್ಸಾಲಯ ಸೇರಿದ್ದಾನೆ. ಜೊತೆಗೆ ನ್ಯೂಟನ್, ಐನ್‌ಸ್ಟೈನ್ ಎಂದು ಹೇಳಿಕೊಳ್ಳುವ ಇನ್ನಿಬ್ಬರು. ಇಬ್ಬರೂ ಎದುರಾಳಿ ರಾಷ್ಟ್ರಗಳ ಗೂಢಚಾರರು. ಗುಟ್ಟು ಉಳಿಸಿಕೊಳ್ಳಲು ಮೂವರೂ ಒಬ್ಬೊಬ್ಬ ದಾದಿಯನ್ನು ಕೊಂದಿದ್ದಾರೆ. ಮೋಬಿಯಸ್ ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟು, ಲೋಕದ ಹಿತಕ್ಕಾಗಿ ಮೂವರೂ ಇಲ್ಲೇ ಉಳಿಯೋಣವೆಂದು ಒಪ್ಪಿಸುತ್ತಾನೆ. ಆದರೆ ಚಿಕಿತ್ಸಾಲಯದ ಒಡತಿ ಡಾಕ್ಟರ್ ಮಟಿಲ್ಡೆ ಫಾನ್ ತ್ಸಾಂಡ್ ಅವನ್ನೆಲ್ಲ ಮೊದಲೇ ನಕಲು ಮಾಡಿಕೊಂಡು, ಕಾರ್ಖಾನೆಗಳ ಸಾಮ್ರಾಜ್ಯ ಕಟ್ಟಲು ಹೊರಟಿದ್ದಾಳೆ. ಅಲ್ಲಿ ನಿಜವಾಗಿ ಹುಚ್ಚು ಹಿಡಿದಿರುವುದು ಅವಳೊಬ್ಬಳಿಗೇ. ಲೋಕವನ್ನು ಉಳಿಸಲು ಅಡಗಲು ಆರಿಸಿಕೊಂಡ ಜಾಗವೇ ಲೋಕದ ಕೊರಳಿಗೆ ಉರುಳಾಯಿತು. ಈ ಪಾತ್ರವನ್ನೂ ಮೊದಲು ಮಾಡಿದವರು ಗೀಸೆ. ನಾಟಕ ಅವರಿಗೇ ಅರ್ಪಿತ.

ಈ ನಾಟಕದ ಜೊತೆಗೆ ಅಚ್ಚಾದ 21 ಸೂತ್ರಗಳಲ್ಲಿ ಡ್ಯೂರೆನ್‌ಮಾಟ್ ತಮ್ಮ ಕ್ರಮವನ್ನು ತಾವೇ ಬಿಡಿಸಿ ಹೇಳಿದ್ದಾರೆ. ಅವುಗಳ ತಾತ್ಪರ್ಯ ಹೀಗೆ: ಒಂದು ಕಥೆ ತೆಗೆದುಕೊಳ್ಳಬಹುದಾದ ಅತ್ಯಂತ ಕೆಟ್ಟ ತಿರುವನ್ನು ತೆಗೆದುಕೊಂಡಾಗಲೇ ಅದನ್ನು ಕೊನೆತನಕ ಯೋಚಿಸಿದಂತೆ, ಆ ತಿರುವನ್ನು ಮುಂಗಾಣಲಾಗದು, ಅದು ಆಕಸ್ಮಿಕವಾಗಿ ಬರುತ್ತದೆ, ಮನುಷ್ಯರು ಎಷ್ಟು ಯೋಜನೆ ಹಾಕಿ ನಡೆಯುತ್ತಾರೋ ಆಕಸ್ಮಿಕದ ಪೆಟ್ಟು ಅಷ್ಟು ಬಲವಾಗಿ ಬೀಳುತ್ತದೆ. ಗ್ರೀಕ್ ರುದ್ರನಾಟಕದ ದೊರೆ ಈಡಿಪಸ್ ತಾನು ಯಾವುದರಿಂದ ತಪ್ಪಿಸಿಕೊಳ್ಳಲು ಓಡಿದನೋ ಅದರ ತೆಕ್ಕೆಗೇ ಹೋಗಿ ಬಿದ್ದದ್ದನ್ನು ಅವರು ಉದಾಹರಿಸುತ್ತಾರೆ. ಕೆಟ್ಟ ತಿರುವೆಂದರೆ ಹೆಚ್ಚು ಹೆಣ ಬೀಳಿಸುವುದು ಎಂದು ತಿಳಿಯಬಾರದು. ಪಾತ್ರ ತನ್ನ ಗುರಿಗೆ ನೇರ ವಿರುದ್ಧವಾದದ್ದನ್ನು ತನ್ನದೇ ಶ್ರಮದಿಂದ ತಲುಪುವುದು ಎಂದರ್ಥ. ಸಾಯಲು ಸಿದ್ಧನಾದ ರೋಮುಲಸ್‌ಗೆ ಪಿಂಚಣಿ, ಸರಿಯಾಗಿ ಊಹಿಸಿದ ಮತ್ತೆಯ್‌ಗೆ ಹುಚ್ಚು, ಅಡಗಿದ ಮೋಬಿಯಸ್‌ಗೆ ಸೆರೆ. ಇನ್ನೊಂದು ಸೂತ್ರ ಇಂದಿಗೂ ಉಲ್ಲೇಖಗೊಳ್ಳುತ್ತಲೇ ಇದೆ: ಎಲ್ಲರಿಗೂ ಸಂಬಂಧಿಸಿದ್ದನ್ನು ಎಲ್ಲರೂ ಕೂಡಿಯೇ ಬಿಡಿಸಬೇಕು, ಒಬ್ಬನೇ ಬಿಡಿಸಲು ಹೊರಟರೆ ಸೋಲುತ್ತಾನೆ.

1959ರಲ್ಲಿ ಮನ್‌ಹೈಮ್ ನಗರದ ಷಿಲ್ಲರ್ ಪ್ರಶಸ್ತಿ, 1960ರಲ್ಲಿ ಸ್ವಿಟ್ಜರ್ಲೆಂಡಿನ ಮಹಾ ಷಿಲ್ಲರ್ ಪ್ರಶಸ್ತಿ, 1968ರಲ್ಲಿ ಆಸ್ಟ್ರಿಯಾದ ಗ್ರಿಲ್‌ಪಾರ್ಟ್ಸರ್ ಪ್ರಶಸ್ತಿ ಬಂದವು. ಆಮೇಲೆ ರಂಗಭೂಮಿ ಅವರಿಂದ ದೂರ ಸರಿಯಿತು. 1968ರಲ್ಲಿ ಬಾಸೆಲ್ ರಂಗಮಂದಿರದ ಆಡಳಿತದಲ್ಲಿ ಕೈಜೋಡಿಸಿ, ಮರುವರ್ಷವೇ ಹೃದಯಾಘಾತ ಮತ್ತು ಭಿನ್ನಾಭಿಪ್ರಾಯಗಳ ನಡುವೆ ಹೊರಬಂದರು. 1973ರ 'ಸಹಭಾಗಿ' ನಾಟಕ ಜ್ಯೂರಿಕ್‌ನಲ್ಲಿ ನೆಲ ಕಚ್ಚಿತು. ಸೋಲಿಗೆ ಅವರ ಪ್ರತಿಕ್ರಿಯೆ ವಿಶಿಷ್ಟ: ಆ ನಾಟಕಕ್ಕಿಂತ ಎಷ್ಟೋ ದೊಡ್ಡದಾದ ಒಂದು ವ್ಯಾಖ್ಯಾನವನ್ನೇ ಬರೆದು 1976ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಅವರ ನಿಜವಾದ ಕೆಲಸ ಗದ್ಯದಲ್ಲೇ ನಡೆಯಿತು.

ಆ ಗದ್ಯದಲ್ಲಿ ಎರಡನ್ನು ಹೆಸರಿಸಲೇಬೇಕು. 1986ರ 'ನಿಯೋಜನೆ' ಎಂಬ ನೀಳ್ಗತೆಯಲ್ಲಿ 24 ಅಧ್ಯಾಯಗಳಿವೆ, ಪ್ರತಿ ಅಧ್ಯಾಯವೂ ಪುಟಗಟ್ಟಲೆ ಹರಿಯುವ ಒಂದೇ ವಾಕ್ಯ. ಜರ್ಮನ್‌ನಲ್ಲಿ ವಾಕ್ಯಕ್ಕೂ ಸಂಗೀತ ಕೃತಿಯ ಒಂದು ಚಲನೆಗೂ ಒಂದೇ ಪದವಿರುವುದನ್ನು ಬಳಸಿಕೊಂಡ ರಚನೆ ಅದು. ವಸ್ತು, ನೋಡುವವರನ್ನು ನೋಡುವವರು, ಅವರನ್ನು ಮತ್ತೆ ನೋಡುವ ಕ್ಯಾಮೆರಾಗಳು ಮತ್ತು ಉಪಗ್ರಹಗಳು. ಎರಡನೆಯದು, 1970ರ ಸುಮಾರಿಗೆ ಆರಂಭಿಸಿ ಕೊನೆಯ ತನಕ ಬರೆಯುತ್ತಲೇ ಇದ್ದ 'ವಸ್ತುಗಳು' ಎಂಬ ಬೃಹತ್ ಬರಹ. ಆತ್ಮಕಥೆ ಬರೆಯುವುದರ ಬದಲು ತಾವು ಬರೆಯದೆ ಬಿಟ್ಟ ಕಥೆಗಳ, ಅರ್ಧಕ್ಕೆ ನಿಂತ ಕಲ್ಪನೆಗಳ ಇತಿಹಾಸವನ್ನು ಅವರು ಅಲ್ಲಿ ಬರೆದರು. ಒಬ್ಬ ಲೇಖಕನ ಬದುಕೆಂದರೆ ಅವನಿಗೆ ಹೊಳೆದ ವಸ್ತುಗಳ ಬದುಕೇ ಎಂಬುದು ಅದರ ಹಿಂದಿನ ನಂಬಿಕೆ. 1981ರಲ್ಲಿ ಒಂದು ಸಂಪುಟ, 1990ರಲ್ಲಿ ಇನ್ನೊಂದು ಬಂತು. ನಡುವೆ, 1983ರಲ್ಲಿ, ಪತ್ನಿ ಲೊಟ್ಟಿ ತೀರಿಕೊಂಡರು. 1984ರಲ್ಲಿ ಚಿತ್ರನಿರ್ದೇಶಕಿ ಷಾರ್ಲಟ್ ಕೆರ್ ಅವರನ್ನು ಮದುವೆಯಾದರು. 1986ರಲ್ಲಿ ಜರ್ಮನ್ ಸಾಹಿತ್ಯದ ಅತಿ ದೊಡ್ಡ ಗೌರವವಾದ ಗೇಯೊರ್ಗ್ ಬ್ಯೂಖ್ನರ್ ಪ್ರಶಸ್ತಿ ಸಂದಿತು.

ಕೊನೆಯ ಸಾರ್ವಜನಿಕ ಭಾಷಣಗಳಲ್ಲೊಂದು 1990ರ ನವೆಂಬರ್ 22ರದು. ಚೆಕೊಸ್ಲೊವಾಕಿಯಾದ ಅಧ್ಯಕ್ಷರಾಗಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ಅವರಿಗೆ ಸ್ವಿಟ್ಜರ್ಲೆಂಡಿನಲ್ಲಿ ಪ್ರಶಸ್ತಿ ಕೊಟ್ಟ ಸಮಾರಂಭ ಅದು. ಜೈಲಿನಿಂದ ಬಂದು ರಾಷ್ಟ್ರಾಧ್ಯಕ್ಷರಾದವರ ಎದುರು, ತಮ್ಮ ಸ್ವಂತ ದೇಶವೇ ಒಂದು ಜೈಲು, ಅಲ್ಲಿ ಕೈದಿಗಳೇ ಕಾವಲುಗಾರರು, ಕಾವಲುಗಾರರಾಗಿರುವುದರಿಂದ ತಾವು ಸ್ವತಂತ್ರರೆಂದು ಅವರು ನಂಬಿದ್ದಾರೆ ಎಂದು ಡ್ಯೂರೆನ್‌ಮಾಟ್ ಹೇಳಿದರು. ಸ್ವಿಸ್ ಪೊಲೀಸರು ಸುಮಾರು 9 ಲಕ್ಷ ಜನರ ಮತ್ತು ಸಂಸ್ಥೆಗಳ ಮೇಲೆ ಗುಪ್ತ ಕಡತ ಇಟ್ಟಿದ್ದ ಹಗರಣ ಆಗಷ್ಟೇ ಬಯಲಾಗಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗಣ್ಯರಿಗೆ ಭಾಷಣ ಹಿಡಿಸಲಿಲ್ಲ. ಮೂರು ವಾರಗಳ ನಂತರ, ಡಿಸೆಂಬರ್ 14ರಂದು, 70ನೇ ಹುಟ್ಟುಹಬ್ಬಕ್ಕೆ ಇನ್ನೂ ಕೆಲವೇ ದಿನಗಳಿರುವಾಗ, ಡ್ಯೂರೆನ್‌ಮಾಟ್ ನಷಾಟೆಲ್‌ನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಜೈಲು ಎಂದು ಕರೆದ ಅದೇ ದೇಶಕ್ಕೆ ಅವರು ತಮ್ಮ ಹಸ್ತಪ್ರತಿಗಳನ್ನೆಲ್ಲ ದಾನ ಮಾಡಿದ್ದರು, ಒಂದು ಷರತ್ತಿನ ಮೇಲೆ: ಸ್ವಿಟ್ಜರ್ಲೆಂಡಿನ ನಾಲ್ಕೂ ಭಾಷೆಗಳ ಲೇಖಕರ ಬರಹಗಳನ್ನು ಕಾಪಾಡುವ ಒಂದು ಸಾಹಿತ್ಯ ಭಂಡಾರ ಸ್ಥಾಪನೆಯಾಗಬೇಕು. ಬರ್ನ್ ನಗರದಲ್ಲಿ ಆ ಭಂಡಾರ 1991ರ ಜನವರಿಯಲ್ಲಿ ಬಾಗಿಲು ತೆರೆಯಿತು. ಗುಡ್ಡದ ಮೇಲಿನ ಮನೆಯ ಪಕ್ಕದಲ್ಲಿ ವಾಸ್ತುಶಿಲ್ಪಿ ಮಾರಿಯೊ ಬೊಟ್ಟಾ ಕಟ್ಟಿದ ಕೇಂದ್ರ 2000ದಲ್ಲಿ ಆರಂಭವಾಗಿ, ಜೀವಮಾನವಿಡೀ ಅವರು ಬಿಡಿಸಿಟ್ಟಿದ್ದ ಚಿತ್ರಗಳನ್ನು ತೋರಿಸುತ್ತಿದೆ. 'ವಸ್ತುಗಳು' ಬರಹದ ಸಾವಿರಾರು ಪುಟಗಳಿಂದ, ತಿದ್ದಿ ತಿದ್ದಿ ಬರೆದ ರೂಪಾಂತರಗಳನ್ನೂ ಉಳಿಸಿಕೊಂಡು, ಐದು ಸಂಪುಟಗಳ ಆವೃತ್ತಿ ಅವರ ಜನ್ಮಶತಮಾನೋತ್ಸವದ 2021ರಲ್ಲಿ ಹೊರಬಂತು. ಬರೆಯದೆ ಬಿಟ್ಟ ಕಥೆಗಳೇ ಅದರಲ್ಲಿ ಹೆಚ್ಚು.